ಕೆಂಪು ಕೇಳಿಸುವುದಿಲ್ಲ

ಜೂನ್ 3

ಪ್ರೀತಿಯ ಮುಳ್ಳು,

ನಿನ್ನನ್ನು ಈ ಹೆಸರಿನಿಂದ ಕರೆದು ಆರು ವರ್ಷವಾಯಿತು. ಇನ್ನೂ ಕರೆಯುವ ಹಕ್ಕು ನನಗಿದೆಯೋ ಇಲ್ಲವೋ ಗೊತ್ತಿಲ್ಲ. ಆದರೆ ನಾಲ್ಕನೇ ವಯಸ್ಸಿನಲ್ಲಿ ಗೋಡೆ ಗಡಿಯಾರ ಬಿಚ್ಚಿ, ಅದರ ದೊಡ್ಡ ಮುಳ್ಳನ್ನು ಬಾಯಲ್ಲಿ ಬಚ್ಚಿಟ್ಟುಕೊಂಡು ಸಿಕ್ಕಿಬಿದ್ದ ತಮ್ಮನಿಗೆ ಬೇರೆ ಹೆಸರು ನನ್ನ ಬಾಯಿಗೆ ಬರುವುದಿಲ್ಲ. ಚಿಕ್ಕಮ್ಮನನ್ನು ಕಾಡಿ ನಿನ್ನ ಈ-ಮೇಲ್ ವಿಳಾಸ ತೆಗೆದುಕೊಂಡೆ. ಅವಳನ್ನು ಬೈಯಬೇಡ.

ನನ್ನ ಸುದ್ದಿ ಹೇಳುತ್ತೇನೆ. ಹದಿನೇಳು ವರ್ಷ ನಾನು ಕೂತ ಟಿಕೆಟ್ ಕೌಂಟರ್ ಈಗ ಇಲ್ಲ. ಚಿತ್ರಮಂದಿರ ಇದೆ, ಸಿನಿಮಾ ಇದೆ, ಜನ ಇದ್ದಾರೆ. ಕೌಂಟರ್ ಮಾತ್ರ ಇಲ್ಲ. ಎಲ್ಲರೂ ಫೋನಿನಲ್ಲೇ ಸೀಟು ಆರಿಸಿಕೊಂಡು ಬರುತ್ತಾರೆ. ನನ್ನ ಕುರ್ಚಿ ಇದ್ದ ಕಡೆ ತಂಪು ಪಾನೀಯದ ಯಂತ್ರ ನಿಂತಿದೆ. ಕೊನೆಯ ದಿನ ಮ್ಯಾನೇಜರ್, "ಬೇಜಾರು ಮಾಡ್ಕೋಬೇಡಿ, ಆ ವೆಬ್‌ಸೈಟ್ ಬಂತಲ್ಲ, ಏನ್ ಮಾಡೋದು" ಎಂದರು. ಮನೆಗೆ ಬಂದವಳೇ ಆ ವೆಬ್‌ಸೈಟ್ ತೆರೆದು ಒಂದು ಗಂಟೆ ನೋಡುತ್ತಾ ಕೂತೆ. ಸಿಟ್ಟು ಬರಬೇಕಿತ್ತು. ಅದರ ಬದಲು, ಇದನ್ನು ಯಾರು ಮಾಡಿರಬಹುದು, ಹೇಗೆ ಮಾಡಿರಬಹುದು ಎಂಬ ಪ್ರಶ್ನೆ ತಲೆಯೊಳಗೆ ಹೊಕ್ಕಿತು. ಹೊಕ್ಕದ್ದು ಹೊರಗೆ ಬರಲಿಲ್ಲ.

ಹಾಗಾಗಿ ನಲವತ್ತೊಂದನೇ ವಯಸ್ಸಿನಲ್ಲಿ ವೆಬ್‌ಸೈಟ್ ಕಟ್ಟುವ ತರಗತಿಗೆ ಸೇರಿದ್ದೇನೆ. ಗ್ರಂಥಾಲಯದ ಮೇಲಿನ ಮಹಡಿ, ವಾರಕ್ಕೆ ಐದು ದಿನ ಬೆಳಗ್ಗೆ, ಮೂರು ತಿಂಗಳು. ಆಮೇಲೆ ಎಲ್ಲಾದರೂ ಮೊದಲ ಮೆಟ್ಟಿಲಿನ ಕೆಲಸ ಸಿಕ್ಕರೆ ಸಾಕು. ಉಳಿದವರೆಲ್ಲ ಇಪ್ಪತ್ತರ ಆಸುಪಾಸಿನವರು. ಮೊದಲ ದಿನ ನಾನು ಒಳಗೆ ಕಾಲಿಟ್ಟಾಗ ಎಲ್ಲರೂ ಎದ್ದು ನಿಂತರು, ಟೀಚರ್ ಬಂದರೆಂದು.

ನಿಜವಾದ ಟೀಚರ್ ನಿನ್ನೆ ಒಂದು ಮಾತು ಹೇಳಿದರು. "ನೀವು ಮಾಡಿದ ಪುಟನ ಎಲ್ಲರೂ ನೋಡ್ತಾರೆ ಅಂದ್ಕೋಬೇಡಿ. ಕೆಲವರು ಕೇಳ್ತಾರೆ." ನನ್ನ ಬೆರಳು ಕೀಬೋರ್ಡಿನ ಮೇಲೆ ಹಾಗೇ ನಿಂತಿತು. ಕಣ್ಣು ಹೋದ ಮೇಲೆ ನೀನು ಕಂಪ್ಯೂಟರ್ ಬಳಸುತ್ತೀಯೆಂದು ಚಿಕ್ಕಮ್ಮ ಹೇಳುತ್ತಲೇ ಇದ್ದಳು. ಹೇಗೆ ಎಂದು ನಾನು ಒಮ್ಮೆಯೂ ಕೇಳಿರಲಿಲ್ಲ. ಈಗ ಕೇಳುತ್ತಿದ್ದೇನೆ. ಹೇಗೆ? ಉತ್ತರಿಸದಿದ್ದರೂ ಪರವಾಗಿಲ್ಲ ಎಂದು ಬರೆಯುವುದು ಮರ್ಯಾದೆ. ಆದರೆ ಅದು ಸುಳ್ಳಾಗುತ್ತದೆ.

ನಿನ್ನ ಅಕ್ಕ


ಜೂನ್ 11

ಅಕ್ಕನಿಗೆ,

ಚಿಕ್ಕಮ್ಮನನ್ನು ಬೈದಾಯಿತು. ಇನ್ನು ನಿನ್ನ ಪ್ರಶ್ನೆ.

ಪರದೆಯ ಮೇಲಿರುವುದನ್ನು ಗಟ್ಟಿಯಾಗಿ ಓದುವ ತಂತ್ರಾಂಶವಿದೆ. ಹೆಣ್ಣು ಧ್ವನಿ. ನಾನು ಅವಳನ್ನು ಓದುಗಿತ್ತಿ ಎನ್ನುತ್ತೇನೆ. ನಗುವುದಿಲ್ಲ, ಅಳುವುದಿಲ್ಲ, ಉಸಿರು ಎಳೆದುಕೊಳ್ಳುವುದೂ ಇಲ್ಲ. ನಿನ್ನ ಪತ್ರವನ್ನು ಹವಾಮಾನ ವರದಿಯ ಹಾಗೆ ಓದಿ ಮುಗಿಸಿದಳು. ಒಳ್ಳೆಯದೇ ಆಯಿತು.

ಬಾಣದ ಕೀಲಿ ಒತ್ತಿದರೆ ಮುಂದಿನ ಸಾಲು. ಟ್ಯಾಬ್ ಕೀಲಿ ಒತ್ತಿದರೆ ಮುಂದಿನ ಬಟನ್. ಮೌಸ್ ಇಲ್ಲ. ನಾನು ಕೇಳುವ ವೇಗದಲ್ಲಿ ನೀನು ಕೇಳಿದರೆ ಡಬ್ಬಿಯೊಳಗೆ ಜೇನುನೊಣ ಗುಂಯ್‌ಗುಟ್ಟಿದಂತಿರುತ್ತದೆ.

ಫೋನ್ ಮಾಡಬೇಡ. ಕೆಲಸದಲ್ಲಿ ದಿನವಿಡೀ ಫೋನೇ. ಬರೆಯುವುದಾದರೆ ಬರಿ. ಆ ಹೆಸರಿನಿಂದ ಕರೆಯಬಹುದು.

ಮುಳ್ಳು


ಜೂನ್ 15

ಮುಳ್ಳೂ,

ನಿನ್ನ ಹನ್ನೆರಡು ಸಾಲಿನ ಪತ್ರವನ್ನು ನಾನು ಎಷ್ಟು ಸಲ ಓದಿದೆ ಎಂದು ಹೇಳುವುದಿಲ್ಲ. ನಗುತ್ತೀಯ.

ನಮ್ಮ ಟೀಚರ್ ಬಗ್ಗೆ ಹೇಳಬೇಕು. ಇಪ್ಪತ್ತೇಳರ ಹೆಣ್ಣುಮಗಳು, ಒಂದು ಸೆಮಿಕೋಲನ್ ಬಿಟ್ಟುಹೋದರೆ ಮನೆಯಲ್ಲಿ ಮಗು ಕಳೆದುಹೋದವರ ಹಾಗೆ ಹುಡುಕುತ್ತಾರೆ. ಸೆಮಿಕೋಲನ್ ಟೀಚರ್ ಎಂದೇ ನಾವು ಕರೆಯುವುದು. ಪುಟದ ಪ್ರತಿಯೊಂದು ಭಾಗಕ್ಕೂ ಒಂದು ಗುರುತಿನಿಂದ ಬಾಗಿಲು ತೆಗೆಯಬೇಕು, ಇನ್ನೊಂದು ಗುರುತಿನಿಂದ ಮುಚ್ಚಬೇಕು. ನಾನು ತೆಗೆಯುವುದರಲ್ಲಿ ಗಟ್ಟಿಗಿತ್ತಿ, ಮುಚ್ಚಲು ಮರೆಯುತ್ತೇನೆ. ಮೊನ್ನೆ ಮನೆಯಲ್ಲಿ ಇದನ್ನೇ ಗೊಣಗುತ್ತಾ ಕೂತಿದ್ದಾಗ, ಹಳೆಯ ಸ್ವೆಟರ್ ಬಿಚ್ಚಿ ನೂಲುಂಡೆ ಸುತ್ತುತ್ತಿದ್ದ ಅತ್ತೆ ತಲೆಯೆತ್ತಿದರು. "ತೆಗೆದ ಡಬ್ಬಿ ಮುಚ್ಚು, ತೆಗೆದ ನಲ್ಲಿ ಮುಚ್ಚು ಅಂತ ಹದಿನೆಂಟು ವರ್ಷದಿಂದ ಬಡ್ಕೋತಿದೀನಿ. ಕಿವಿಗೇ ಹಾಕ್ಕೊಳ್ಳಲಿಲ್ಲ. ಈಗ ಕಂಪ್ಯೂಟರ್ ಹೇಳಿದ್ರೆ ಕೇಳ್ತೀಯ!" ಅಂದಿನಿಂದ ಅವರು ದಿನಾ ನನ್ನ ಪಕ್ಕ ಕುರ್ಚಿ ಎಳೆದುಕೊಂಡು ಕೂರುತ್ತಾರೆ. "ಮುಚ್ಚಿದ್ಯಾ?" ಎನ್ನುತ್ತಾರೆ. ಹತ್ತರಲ್ಲಿ ನಾಲ್ಕು ಸಲ ಮುಚ್ಚಿರುವುದಿಲ್ಲ.

ನಿನ್ನ ಭಾವ ಲಾರಿಯ ಮೇಲೆ ಊರೂರು ಸುತ್ತುತ್ತಲೇ ಇದ್ದಾರೆ. ವಾರಕ್ಕೊಮ್ಮೆ ಬಂದು, "ಮುಗೀತಾ ನಿನ್ನ ವೆಬ್‌ಸೈಟು?" ಎಂದು ಕೇಳುತ್ತಾರೆ, ಒಲೆಯ ಮೇಲೆ ಏನೋ ಬೇಯುತ್ತಿದೆ ಎನ್ನುವ ಹಾಗೆ.

ಕೊನೆಗೂ ಒಂದು ಪುಟ ಮುಗಿಯಿತು. ನನಗೆ ಚೆನ್ನಾಗಿ ಗೊತ್ತಿರುವ ವಿಷಯ ಒಂದೇ: ನಮ್ಮ ಚಿತ್ರಮಂದಿರದ ಸೀಟುಗಳು. ಯಾವ ಸೀಟಿನ ಸ್ಪ್ರಿಂಗ್ ಬೆನ್ನಿಗೆ ಚುಚ್ಚುತ್ತದೆ, ಯಾವ ಮೂಲೆಯಲ್ಲಿ ಫ್ಯಾನಿನ ಗಾಳಿ ಬರುವುದಿಲ್ಲ, ಎಲ್ಲವನ್ನೂ ಬರೆದು, ಫೋಟೋ ಹಾಕಿ, ಬಣ್ಣ ಬಳಿದಿದ್ದೇನೆ. ತರಗತಿಯಲ್ಲಿ ಎಲ್ಲರೂ ಚಪ್ಪಾಳೆ ತಟ್ಟಿದರು. ಲಿಂಕ್ ಕೆಳಗಿದೆ. ಕೇಳಿ ಹೇಳು.

ನಿನ್ನ ಟಿಕೆಟಕ್ಕ


ಜೂನ್ 27

ಟಿಕೆಟಕ್ಕನಿಗೆ,

ಚಪ್ಪಾಳೆ ತಟ್ಟಿದವರನ್ನು ಇಲ್ಲಿಗೆ ಕಳುಹಿಸು. ನನಗೆ ಕೇಳಿಸಿದ್ದು ಹೀಗೆ:

"ಚಿತ್ರ. ಐಎಂಜಿ ಅಂಡರ್‌ಸ್ಕೋರ್ ಎರಡು ಸೊನ್ನೆ ನಾಲ್ಕು ಏಳು. ಚಿತ್ರ. ಐಎಂಜಿ ಅಂಡರ್‌ಸ್ಕೋರ್ ಎರಡು ಸೊನ್ನೆ ನಾಲ್ಕು ಎಂಟು. ಬಟನ್. ಬಟನ್. ಬಟನ್."

ಫೋಟೋದಲ್ಲಿ ಏನಿದೆ ಎಂದು ನೀನು ಎಲ್ಲೂ ಬರೆದಿಲ್ಲ, ಹಾಗಾಗಿ ಅವಳು ಕ್ಯಾಮೆರಾ ಕೊಟ್ಟ ನಂಬರ್ ಓದಿದಳು. ಬಟನ್ ಮೂರಿವೆ. ಅವುಗಳ ಮೇಲೆ ಬಾಣ ಬರೆದಿದ್ದೀಯೋ ಹೂ ಬರೆದಿದ್ದೀಯೋ, ಮಾತಂತೂ ಇಲ್ಲ. ಮೂರು ಬಾಗಿಲು, ಒಂದರ ಮೇಲೂ ಫಲಕವಿಲ್ಲ. ಮೊದಲನೆಯದನ್ನು ಒತ್ತಿದೆ, ಪುಟದ ತಳಕ್ಕೆ ಬಿದ್ದೆ. ಎರಡನೆಯದನ್ನು ಒತ್ತಿದೆ, ಏನಾಯಿತೋ ದೇವರೇ ಬಲ್ಲ. ಮೂರನೆಯದಕ್ಕೆ ಧೈರ್ಯ ಬರಲಿಲ್ಲ. ಶೀರ್ಷಿಕೆಗಳನ್ನು ಬರೀ ಅಕ್ಷರ ದಪ್ಪ ಮಾಡಿ ಬಿಟ್ಟಿದ್ದೀಯ. ಅವಳಿಗೆ ದಪ್ಪ ತೆಳು ಗೊತ್ತಿಲ್ಲ. ಶೀರ್ಷಿಕೆ ಎಂದು ಗುರುತು ಹಾಕಿದ್ದರೆ ನಾನು ಒಂದರಿಂದ ಒಂದಕ್ಕೆ ಹಾರಿಕೊಂಡು ಹೋಗುತ್ತಿದ್ದೆ.

ಇಷ್ಟೆಲ್ಲ ದಾಟಿ ಒಳಗೆ ಹೋದ ಮೇಲೆ ನೀನು ಬರೆದದ್ದು ಸಿಕ್ಕಿತು. ಎಫ್ ಸಾಲಿನ ಹನ್ನೊಂದನೇ ಸೀಟಿನಲ್ಲಿ ಕೂತವರು ಮಧ್ಯಂತರಕ್ಕೆ ಎದ್ದಾಗ ಸೀಟು "ಹ್ಞಾಂ" ಎನ್ನುತ್ತದೆ ಎಂಬಲ್ಲಿ ಜೋರಾಗಿ ನಕ್ಕುಬಿಟ್ಟೆ. ಪಕ್ಕದ ಕುರ್ಚಿಯ ಸಹೋದ್ಯೋಗಿ ಹೆದರಿಕೊಂಡ.

ನಾನು ಈಗ ಏನು ಮಾಡುತ್ತೇನೆಂದು ನಿನಗೆ ಗೊತ್ತಿರಲಾರದು. ಲಿಫ್ಟ್ ದುರಸ್ತಿ ಕಂಪನಿಯಲ್ಲಿ ಫೋನ್ ಎತ್ತುತ್ತೇನೆ. ಲಿಫ್ಟಿನಲ್ಲಿ ಸಿಕ್ಕಿಕೊಂಡವರು ಗಂಟೆಯ ಗುಂಡಿ ಒತ್ತಿದರೆ ಅದು ನನ್ನ ಕಿವಿಗೆ ಬರುತ್ತದೆ.

ಮುಳ್ಳು


ಜುಲೈ 8

ಮುಳ್ಳೂ,

ಮುಖ ಕೆಂಪಗಾಯಿತು. ಆಮೇಲೆ ಕುತೂಹಲ ತಡೆಯಲಾಗಲಿಲ್ಲ. ಗ್ರಂಥಾಲಯದ ಕಂಪ್ಯೂಟರಿನಲ್ಲಿ ನಿನ್ನ ಓದುಗಿತ್ತಿಯನ್ನು ಎಬ್ಬಿಸಿ, ಕಣ್ಣು ಮುಚ್ಚಿಕೊಂಡು ನನ್ನ ಪುಟದೊಳಗೆ ಇಳಿದೆ. ಹೆಡ್‌ಫೋನಿನ ತಂತಿ ಸರಿಯಾಗಿ ಚುಚ್ಚಿರಲಿಲ್ಲ. "ಬಟನ್! ಬಟನ್! ಬಟನ್!" ಎಂದು ಇಡೀ ಗ್ರಂಥಾಲಯಕ್ಕೆ ಕೇಳಿತು. ಪತ್ರಿಕೆ ಓದುತ್ತಿದ್ದ ಹಿರಿಯರೊಬ್ಬರು ತಮ್ಮ ಶರಟಿನ ಗುಂಡಿಗಳನ್ನು ಮುಟ್ಟಿ ನೋಡಿಕೊಂಡರು.

ಎಲ್ಲ ತಿದ್ದಿದ್ದೇನೆ. ಒಂದೊಂದು ಫೋಟೋಕ್ಕೂ ಒಂದೊಂದು ವಾಕ್ಯ ಬರೆದೆ. ಬರೆಯುವಾಗ ಗೊತ್ತಾಯಿತು, ಏಳರಲ್ಲಿ ಮೂರು ಫೋಟೋ ಯಾಕೆ ಹಾಕಿದ್ದೆನೆಂದು ನನಗೇ ಗೊತ್ತಿಲ್ಲ. ತೆಗೆದುಹಾಕಿದೆ. ನೀನು ಬೈದದ್ದರಿಂದ ಕಣ್ಣಿದ್ದವರಿಗೂ ಪುಟ ಚೆನ್ನಾಯಿತು ಎಂದು ಸೆಮಿಕೋಲನ್ ಟೀಚರ್ ಹೇಳಿದರು.

ಆದರೆ ಈಗ ಜಾವಾಸ್ಕ್ರಿಪ್ಟ್ ಶುರುವಾಗಿದೆ. ಪುಟಕ್ಕೆ ಜೀವ ತುಂಬುವ ಭಾಷೆಯಂತೆ. ನನ್ನ ಜೀವ ತೆಗೆಯುತ್ತಿದೆ. ಎರಡು ದಿನದಿಂದ ಒಂದೇ ತಪ್ಪು, ಎಲ್ಲಿದೆ ಗೊತ್ತಿಲ್ಲ. ಇಪ್ಪತ್ತರವರು ತಟತಟನೆ ಮುಗಿಸಿ ಹೊರಟುಹೋಗುತ್ತಾರೆ. ನಿನ್ನೆ ವಾರದ ಪರೀಕ್ಷೆಯಲ್ಲಿ ಕೊನೆಯವಳು ನಾನೇ. ಮೆಟ್ಟಿಲಿಳಿಯುವಾಗ, ಹೋಗಿ ಯಾವುದಾದರೂ ಅಂಗಡಿಯಲ್ಲಿ ಬಿಲ್ ಹಾಕುವ ಕೆಲಸ ಕೇಳೋಣ ಅನ್ನಿಸಿತು.

ಲಿಫ್ಟಿನಲ್ಲಿ ಸಿಕ್ಕಿಕೊಂಡವರಿಗೆ ನೀನು ಏನು ಹೇಳುತ್ತೀಯ? ಸುಮ್ಮನೆ ಕೇಳಿದೆ. ಸುಮ್ಮನೆ ಅಲ್ಲ.

ಅಕ್ಕ


ಜುಲೈ 30

ಅಕ್ಕನಿಗೆ,

ತಡವಾಯಿತು. ನಮ್ಮಲ್ಲಿ ಇಬ್ಬರು ರಜೆಯಲ್ಲಿದ್ದರು.

ಮೊದಲು ಕೇಳುವುದು "ಎಷ್ಟು ಜನ ಇದೀರಿ?" ಎಂದು. ಆಮೇಲೆ "ಬಾಗಿಲು ಎಳೀಬೇಡಿ." ಆಮೇಲೆ ಅವರು ಏನು ಹೇಳಿದರೂ ಕೇಳಿಸಿಕೊಳ್ಳುವುದು. ಹೋದ ವಾರ ಒಬ್ಬ ಹೆಂಗಸು, ದೀಪವೂ ಹೋಗಿತ್ತು. "ಏನೂ ಕಾಣ್ತಿಲ್ಲ ರೀ!" ಎಂದು ಕಿರುಚಿದರು. "ನನಗೂ ಕಾಣ್ತಿಲ್ಲ ಮೇಡಂ" ಎಂದೆ. "ಅಯ್ಯೋ, ನೀವೂ ಲಿಫ್ಟಲ್ಲೇ ಇದೀರಾ?" ಎಂದರು. ಅಲ್ಲಿಂದ ಮಾತು ಸಲೀಸಾಯಿತು. ಎಡಗೈಯಿಂದ ಗೋಡೆ ಮುಟ್ಟಿ, ಬಾಗಿಲಿನ ಸಂದಿ ಎಲ್ಲಿದೆ ಹೇಳಿ, ಕಂಬಿ ಎಲ್ಲಿದೆ ಹೇಳಿ ಎಂದೆ. ಒಂದೊಂದನ್ನೇ ಮುಟ್ಟಿ ಹೇಳುತ್ತಾ ಹೋದ ಹಾಗೆ ಅವರ ಉಸಿರು ಇಳಿಯಿತು. ಇಪ್ಪತ್ತೆರಡು ನಿಮಿಷಕ್ಕೆ ನಮ್ಮವರು ಹೋಗಿ ತೆಗೆದರು.

ನಿನ್ನ ಜಾವಾಸ್ಕ್ರಿಪ್ಟ್ ನನಗೆ ತಿಳಿಯದು. ಗಡಿಯಾರ ತಿಳಿಯುತ್ತಿತ್ತು. ನಿಂತ ಗಡಿಯಾರವನ್ನು ಪೂರ್ತಿ ಬಿಚ್ಚಿ ಹರಡಿಕೊಂಡರೆ ಕೆಟ್ಟೆ. ಒಂದು ಚಕ್ರ ತೆಗಿ, ನೋಡು, ವಾಪಸ್ ಇಡು. ನಡೆಯಿತಾ? ಇಲ್ಲ. ಮುಂದಿನದು. ನಿಧಾನ ಎಂದು ಬೈಯುವವರಿಗೆ ಕಿವಿ ಕೊಡಬೇಡ. ಬಿಲ್ ಹಾಕುವ ಕೆಲಸಕ್ಕೆ ಹೋಗಬೇಡ, ಅದನ್ನೂ ಯಾವುದೋ ಯಂತ್ರ ಕಿತ್ತುಕೊಂಡರೆ ನೀನು ಅದರ ಹಿಂದೆಯೂ ಕುತೂಹಲದಿಂದ ಓಡುತ್ತೀಯ.

ಮುಳ್ಳು


ಆಗಸ್ಟ್ 18

ಮುಳ್ಳೂ,

ಒಂದೊಂದೇ ಚಕ್ರ ತೆಗೆದೆ. ಹದಿನಾಲ್ಕನೇ ಸಾಲಿನಲ್ಲಿ ತೆರೆದ ಆವರಣವೊಂದು ಮುಚ್ಚಿರಲಿಲ್ಲ. ಅತ್ತೆಗೆ ಹೇಳಲಿಲ್ಲ.

ತರಗತಿ ಮುಗಿಯುತ್ತಾ ಬಂತು. ಇಪ್ಪತ್ತಮೂರು ಕಡೆ ಅರ್ಜಿ ಹಾಕಿದೆ. ಒಂದು ಕಡೆ ಕರೆದರು. ಗಾಜಿನ ಕೋಣೆ, ಎದುರಿಗೆ ನನ್ನ ಅರ್ಧ ವಯಸ್ಸಿನ ಇಬ್ಬರು. "ಐದು ವರ್ಷ ಆದ್ಮೇಲೆ ನಿಮ್ಮನ್ನ ನೀವು ಎಲ್ಲಿ ನೋಡ್ತೀರಿ?" ಎಂದು ಕೇಳಿದರು. "ನಲವತ್ತಾರರಲ್ಲಿ" ಎಂದೆ. ಅವರು ನಗಲಿಲ್ಲ. ಸಂಜೆಗೆಲ್ಲ ವಿಷಾದದ ಪತ್ರ ಬಂತು.

ಈಗ ಇನ್ನೊಂದು ಕಂಪನಿ. ಆರೇ ಜನ, ಟೈರ್ ಅಂಗಡಿಯ ಮೇಲಿನ ಮಹಡಿ. ಮಾತಾಡುವುದಕ್ಕೆ ಮುಂಚೆ ಕೆಲಸ ಮಾಡಿ ತೋರಿಸಬೇಕಂತೆ. ನಮ್ಮೂರಿನ ಹಲ್ಲಿನ ಕ್ಲಿನಿಕ್ ಒಂದಕ್ಕೆ ಮುಂಗಡ ಸಮಯ ಗೊತ್ತುಮಾಡಿಕೊಳ್ಳುವ ಫಾರಂ, ನಾಲ್ಕು ದಿನ ಕೊಟ್ಟಿದ್ದಾರೆ. ಬೇರೆಯವರಿಂದ ನೋಡಿಸಿಕೊಳ್ಳಬಹುದು ಎಂದಿದ್ದಾರೆ. ಮುಕ್ಕಾಲು ಮಾಡಿದ್ದೇನೆ, ಲಿಂಕ್ ಇಲ್ಲಿದೆ. ಬಿಡುವಿದ್ದರೆ ಒಮ್ಮೆ ಹೋಗಿ ಬರುತ್ತೀಯಾ? ದಯೆ ತೋರಿಸಬೇಡ.

ಅಕ್ಕ


ಆಗಸ್ಟ್ 20

ಅಕ್ಕನಿಗೆ,

ಕೇಳು. ಒಂದು, ಖಾಲಿ ಪೆಟ್ಟಿಗೆಯೊಳಗೆ "ಹೆಸರು" ಎಂದು ಮಸುಕಾಗಿ ಬರೆದಿದ್ದೀಯ. ಟೈಪ್ ಮಾಡಲು ಶುರುಮಾಡಿದ ಕೂಡಲೇ ಅದು ಮಾಯವಾಗುತ್ತದೆ, ವಾಪಸ್ ಬಂದರೆ ಯಾವ ಪೆಟ್ಟಿಗೆ ಯಾವುದು ಗೊತ್ತಾಗುವುದಿಲ್ಲ. ಹೆಸರನ್ನು ಪೆಟ್ಟಿಗೆಯ ಹೊರಗೆ ಬರಿ. ಎರಡು, ದಿನಾಂಕಕ್ಕೆ ಕ್ಯಾಲೆಂಡರ್ ಇಟ್ಟಿದ್ದೀಯ, ಕೀಬೋರ್ಡಿನಿಂದ ಅದರೊಳಗೆ ಹೋಗಲು ದಾರಿಯೇ ಇಲ್ಲ. ಸಾದಾ ಪಟ್ಟಿ ಕೊಡು. ಮೂರು, ಕೊನೆಯ ಬಟನ್ ಬಟನ್ ಅಲ್ಲ, ಬಟನ್ ವೇಷ ಹಾಕಿದ ಪೆಟ್ಟಿಗೆ. ಟ್ಯಾಬ್ ಅದನ್ನು ದಾಟಿಕೊಂಡು ಹೋಗುತ್ತದೆ.

ದಿನಾಂಕ ಖಾಲಿ ಬಿಟ್ಟು, ಆ ವೇಷದ ಬಟನ್ ಅನ್ನು ಬಾಣದ ಕೀಲಿಯಿಂದ ಹುಡುಕಿ, ಹೇಗೋ ಹತ್ತೊಂಬತ್ತು ನಿಮಿಷಕ್ಕೆ ಕಳುಹಿಸಿದೆ. ಇವು ಮೂರನ್ನು ಸರಿಮಾಡು, ಮತ್ತೆ ನೋಡುತ್ತೇನೆ.

ಮುಳ್ಳು

ಅದೇ ದಿನ ಸಂಜೆ: ತಿದ್ದಿದ್ದನ್ನು ನೋಡಿದೆ. ಆರು ನಿಮಿಷ. ಒಪ್ಪಿಸಿಬಿಡು.


ಸೆಪ್ಟೆಂಬರ್ 5

ಮುಳ್ಳೂ,

ಸಿಕ್ಕಿತು! ಕೆಲಸ ಸಿಕ್ಕಿತು! ಸೋಮವಾರದಿಂದ. ಮೂರು ತಿಂಗಳು ಪರೀಕ್ಷಾವಧಿ, ಆಮೇಲೆ ಕಾಯಂ. ಅತ್ತೆ ಬೀದಿಗೆಲ್ಲ ಹೇಳಿಕೊಂಡು ಬಂದರು, "ನನ್ ಸೊಸೆಗೆ ಮುಚ್ಚೋದು ಬಂತು" ಎಂದು. ಬೀದಿಯವರಿಗೆ ಏನೂ ಅರ್ಥವಾಗಲಿಲ್ಲ.

ಹೇಗಾಯಿತು ಹೇಳುತ್ತೇನೆ. ಕಂಪನಿಯ ಒಡತಿ ಐವತ್ತು ದಾಟಿದವರು, ಕನ್ನಡಕವನ್ನು ತಲೆಯ ಮೇಲೆ ಏರಿಸಿಕೊಂಡು ಅದನ್ನೇ ಹುಡುಕುತ್ತಾರೆ. ನನ್ನ ಫಾರಂ ತೆರೆದರು. ನಾನು ಮೌಸ್ ಕಿತ್ತು ಪಕ್ಕಕ್ಕಿಟ್ಟು, ಬರೀ ಕೀಬೋರ್ಡಿನಿಂದ ಮೊದಲಿನಿಂದ ಕೊನೆಯವರೆಗೆ ತುಂಬಿ ತೋರಿಸಿದೆ. ಓದುಗಿತ್ತಿಯನ್ನೂ ಮಾತಾಡಿಸಿದೆ. "ಇಲ್ಲಿ ಆರು ವರ್ಷದಿಂದ ಇರೋರೂ ಇದನ್ನ ಯೋಚಿಸಿಲ್ಲ" ಎಂದರು ಒಡತಿ. ಪರೀಕ್ಷೆಗೆ ಕೊಟ್ಟದ್ದು ನಿಜವಾದ ಗಿರಾಕಿಯ ಕೆಲಸವೇ ಅಂತೆ. ನನ್ನ ಫಾರಂ ಹಾಗೆಯೇ ಆ ಕ್ಲಿನಿಕ್ಕಿನ ಸೈಟಿಗೆ ಹೋಗುತ್ತದೆ!

ಆಮೇಲೆ ಅವರು ಕೇಳಿದರು, "ಇದನ್ನೆಲ್ಲ ಎಲ್ಲಿ ಕಲಿತ್ರಿ?"

ನಾನು "ಓದಿ ಕಲಿತೆ" ಎಂದೆ.

ಮುಳ್ಳು, ಇದನ್ನು ಬರೆಯದೆ ಪತ್ರ ಮುಗಿಸಬಹುದಿತ್ತು. ಮುಗಿಸಿದ್ದೆ ಕೂಡ, ಮತ್ತೆ ತೆರೆದೆ. ಯಾಕೆ ಹಾಗೆಂದೆನೋ ಗೊತ್ತಿಲ್ಲ. ನಿನ್ನ ಮಾತು ತುದಿನಾಲಿಗೆಯಲ್ಲೇ ಇತ್ತು. ಹೇಳಿದರೆ ಅವರು ಅಯ್ಯೋ ಪಾಪ ಎನ್ನುತ್ತಾರೆ, ಪಾಪವೆಂದು ಕೆಲಸ ಕೊಡುತ್ತಾರೆ ಅನ್ನಿಸಿತೋ, ಅಥವಾ ಒಂದಾದರೂ ನನ್ನದೇ ಆಗಿರಲಿ ಅನ್ನಿಸಿತೋ. ನಿನಗೆ ಬೇಜಾರಾಯಿತಾ?

ಅಕ್ಕ


ಸೆಪ್ಟೆಂಬರ್ 30

ಮುಳ್ಳು,

ಇಪ್ಪತ್ತೈದು ದಿನವಾಯಿತು. ಲಿಫ್ಟುಗಳೆಲ್ಲ ಕೆಟ್ಟು ನಿಂತಿವೆ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೇನೆ.

ಆ ಸುಳ್ಳಿಗಿಂತ ಹಳೆಯ ಸುಳ್ಳೊಂದಿದೆ, ಅದನ್ನು ಬಿಟ್ಟು ಇದನ್ನು ಮಾತ್ರ ಒಪ್ಪಿಕೊಂಡರೆ ಏನು ಬಂತು? ಆರು ವರ್ಷದ ಹಿಂದೆ ನಿನ್ನ ಕೊನೆಯ ಆಪರೇಷನ್ ಆದಾಗ, ಕಣ್ಣಿನ ಕಟ್ಟು ಬಿಚ್ಚುವವರೆಗೆ ಹತ್ತು ದಿನ ಬಂದಿರು ಎಂದು ನೀನು ಕೇಳಿದ್ದೆ. ರಜೆ ಸಿಗಲಿಲ್ಲ ಎಂದು ನಾನು ಹೇಳಿದೆ. ರಜೆ ಸಿಕ್ಕಿತ್ತು. ಚೀಲ ಹಿಡಿದು ಬಸ್ ನಿಲ್ದಾಣದವರೆಗೂ ಹೋದೆ. ಮೂರು ಬಸ್ ಬಿಟ್ಟೆ. ಕಟ್ಟು ಬಿಚ್ಚಿದಾಗ ನೀನು "ಅಕ್ಕಾ, ದೀಪ ಹಾಕು" ಎಂದುಬಿಟ್ಟರೆ ಏನು ಹೇಳಲಿ ಎಂಬುದೊಂದೇ ಹೆದರಿಕೆ. ನಾಲ್ಕನೇ ಬಸ್ಸೂ ಹೋಯಿತು. ಮನೆಗೆ ಹೋಗದೆ ಗೆಳತಿಯ ಮನೆಯಲ್ಲಿ ಹತ್ತು ದಿನ ಅಡಗಿ ಕೂತೆ.

ಇದಕ್ಕೆ ಉತ್ತರ ಬೇಡ. ಗೊತ್ತಿರಲಿ ಎಂದು ಬರೆದೆ.

ಅಕ್ಕ


ಅಕ್ಟೋಬರ್ 12

ಅಕ್ಕನಿಗೆ,

ಗೊತ್ತಿತ್ತು.

ಆಸ್ಪತ್ರೆಯಿಂದ ನಿನ್ನ ಚಿತ್ರಮಂದಿರಕ್ಕೆ ಫೋನ್ ಮಾಡಿಸಿದ್ದೆ, ನಿನಗೆ ರಜೆ ಕೊಡಿ ಎಂದು ಮ್ಯಾನೇಜರ್ ಹತ್ತಿರ ಕೈಮುಗಿದು ಕೇಳೋಣವೆಂದು. "ಅವರು ನಿನ್ನೆಯಿಂದಲೇ ರಜೆ ಮೇಲಿದಾರಲ್ಲ" ಎಂದರು. ಹತ್ತು ದಿನ ಬಾಗಿಲಿನ ಪ್ರತಿ ಸದ್ದಿಗೂ ನೀನೇ ಎಂದುಕೊಂಡೆ. ಆಮೇಲೆ ಅಂದುಕೊಳ್ಳುವುದನ್ನು ನಿಲ್ಲಿಸಿದೆ. ನೀನು ಹೇಳಲಿ ಎಂದು ಆರು ವರ್ಷ ಕಾದೆ ಎಂದರೆ ಸುಳ್ಳು. ಕಾಯಲಿಲ್ಲ. ಆದರೆ ನೀನು ಹೇಳಿದಾಗ, ಇದನ್ನು ಕೇಳಬೇಕಿತ್ತು ಎಂದು ಗೊತ್ತಾಯಿತು. ಓದುಗಿತ್ತಿಗೆ ಆ ಪತ್ರವನ್ನು ನಿಧಾನವಾಗಿ ಓದು ಎಂದೆ.

"ಓದಿ ಕಲಿತೆ" ಎಂದದ್ದಕ್ಕೆ ಸಿಟ್ಟು ಬಂದದ್ದು ನಿಜ. ನಿನ್ನ ಹೆಸರಿನ ಪಕ್ಕ ನನ್ನ ಹೆಸರು ಬೇಕೆಂದು ಅಲ್ಲ. ನೀನು ಆಗಲೂ ನನ್ನನ್ನು ನೋಡಲು ಹೆದರಿದೆ, ಈಗಲೂ ನನ್ನ ಬಗ್ಗೆ ಹೇಳಲು ಹೆದರಿದೆ ಅನ್ನಿಸಿತು. ಉತ್ತರ ಬರೆಯಲು ಕೂತೆ, ಎರಡು ಸಲ ಅಳಿಸಿದೆ. ಯಾಕೆಂದರೆ ನಿನ್ನನ್ನು ಬೈಯುವ ಮುಂಚೆ ನಾನೂ ಒಂದು ವಿಷಯ ಹೇಳಬೇಕಿತ್ತು, ಅದಕ್ಕೆ ಬಾಯಿ ಬರಲಿಲ್ಲ.

ನಿನ್ನ ಹಲ್ಲಿನ ಫಾರಂ ಅನ್ನು ನಾನು ಒಬ್ಬನೇ ತುಂಬಲಿಲ್ಲ. ಕೊನೆಯ ಬಟನ್ ಒತ್ತಿದೆ, ಏನೂ ಆಗಲಿಲ್ಲ. ಮತ್ತೆ ಒತ್ತಿದೆ. ಹತ್ತು ಸಲ ಒತ್ತಿದೆ. ಓದುಗಿತ್ತಿ ತುಟಿ ಬಿಚ್ಚಲಿಲ್ಲ. ಕೊನೆಗೆ ಪಕ್ಕದ ಕುರ್ಚಿಯವನನ್ನು ಕರೆದೆ. "ಫೋನ್ ನಂಬರಿನ ಪೆಟ್ಟಿಗೆ ಸುತ್ತ ಕೆಂಪಗಾಗಿದೆ ಸಾರ್, ನಡುವೆ ಜಾಗ ಬಿಡಬಾರದಂತೆ" ಎಂದ. ಕೆಂಪು ನನಗೆ ಕೇಳಿಸುವುದಿಲ್ಲ ಅಕ್ಕ. ಎರಡನೇ ಸಲ ಆರೇ ನಿಮಿಷ ಹಿಡಿದದ್ದು ನನಗೆ ಗುಟ್ಟು ಗೊತ್ತಿದ್ದರಿಂದ. ಇನ್ನೊಬ್ಬರನ್ನು ಕರೆಯಬೇಕಾಯಿತು ಎಂದು ಬರೆಯಲು ನಾಚಿಕೆಯಾಯಿತು. ದಯೆ ತೋರಿಸಬೇಡ ಎಂದು ನೀನು ಬರೆದಿದ್ದೆ; ನಾನು ದಯೆ ತೋರಿಸಿದ್ದು ನನಗೇ.

ಈಗ ಅದು ನಿಜವಾದ ಕ್ಲಿನಿಕ್ಕಿನಲ್ಲಿದೆ. ನನ್ನಂಥವರು ಅಲ್ಲಿಯೂ ಹತ್ತು ಸಲ ಒತ್ತುತ್ತಿರುತ್ತಾರೆ, ಪಕ್ಕದಲ್ಲಿ ಕುರ್ಚಿಯೂ ಇರುವುದಿಲ್ಲ. ಏನು ಮಾಡುತ್ತೀಯೋ ನಿನಗೆ ಬಿಟ್ಟದ್ದು. ನಿನ್ನ ಪರೀಕ್ಷಾವಧಿ ಮುಗಿದಿಲ್ಲ ಎಂದೂ ನನಗೆ ಗೊತ್ತು.

ಮುಳ್ಳು


ಅಕ್ಟೋಬರ್ 16

ಮುಳ್ಳೂ,

ನಿನ್ನ ಪತ್ರವನ್ನು ಬೆಳಗ್ಗೆ ಕಂಪನಿಯ ಮೆಟ್ಟಿಲ ಮೇಲೆ ನಿಂತು ಓದಿದೆ. ಕೆಳಗೆ ಟೈರಿಗೆ ಗಾಳಿ ತುಂಬುತ್ತಿದ್ದರು. ಆ ಮ್ಯಾನೇಜರ್‌ಗೆ ನೀನು ಫೋನ್ ಮಾಡಿದ ಭಾಗ ಓದಿ ಅಲ್ಲೇ ಕೂತುಬಿಟ್ಟೆ. ಅದರ ಬಗ್ಗೆ ಇಲ್ಲಿ ಬರೆಯಲಾರೆ. ಎದುರಿಗೇ ಹೇಳಬೇಕಾದ ಮಾತು ಅದು.

ಫಾರಂ ವಿಷಯಕ್ಕೆ ಬರುತ್ತೇನೆ. ಮೇಲೆ ಹೋಗಿ, ಹೇಳದೆಯೇ ಸದ್ದಿಲ್ಲದೆ ತಿದ್ದಿಬಿಡಬಹುದಾ ಎಂದು ಮೊದಲು ಯೋಚಿಸಿದೆ. ಅದು ನನಗೆ ಚೆನ್ನಾಗಿ ಬರುವ ವಿದ್ಯೆ. ಆಮೇಲೆ ಎದ್ದು ಒಡತಿಯ ಮೇಜಿನ ಮುಂದೆ ಹೋಗಿ ನಿಂತೆ.

"ಕ್ಲಿನಿಕ್ಕಿನ ಫಾರಂ ತಪ್ಪಾಗಿದೆ ಮೇಡಂ" ಎಂದೆ.

"ಯಾವುದು? ನೀವು ಮಾಡಿದ್ದಾ? ಅದನ್ನ ನಾನು ಮೂರು ಜನಕ್ಕೆ ತೋರಿಸಿ ಹೊಗಳಿದೀನಲ್ರೀ!"

"ತಪ್ಪು ತುಂಬಿದ್ರೆ ಪೆಟ್ಟಿಗೆ ಕೆಂಪಗಾಗುತ್ತೆ. ಕಾಣದೇ ಇರೋರಿಗೆ ಅದು ಗೊತ್ತೇ ಆಗಲ್ಲ. ನನ್ನ ತಮ್ಮನಿಗೆ ಕಣ್ಣು ಕಾಣಲ್ಲ. ಅವನು ಹತ್ತು ಸಲ ಒತ್ತಿದಾನೆ, ಹೋಗಲಿಲ್ಲ. ಆವತ್ತು ನಾನು ತೋರಿಸಿದ್ದೆಲ್ಲ ಅವನು ಹೇಳಿಕೊಟ್ಟಿದ್ದು. ಓದಿ ಕಲಿತೆ ಅಂದಿದ್ದೆ. ಸುಳ್ಳು."

ಅವರು ತಲೆಯ ಮೇಲಿದ್ದ ಕನ್ನಡಕವನ್ನು ಇಳಿಸಿ ಹಾಕಿಕೊಂಡು ನನ್ನನ್ನು ನೋಡಿದರು. "ಎಷ್ಟು ದಿನದಿಂದ ಸೈಟ್‌ನಲ್ಲಿದೆ ಅದು?" ಎಂದರು. ಮೂರು ವಾರ ಎಂದೆ. "ಗಿರಾಕಿಗೆ ಫೋನ್ ಮಾಡಿ ತಪ್ಪಾಗಿದೆ ಅಂತ ನೀವೇ ಹೇಳ್ತೀರಿ. ನಾನು ಹೇಳಲ್ಲ. ಸರಿಮಾಡೋಕೆ ಎಷ್ಟು ಹೊತ್ತು ಬೇಕು?"

"ಒಂದು ಮಧ್ಯಾಹ್ನ."

"ಮತ್ತೆ ಇಲ್ಲಿ ಯಾಕೆ ನಿಂತಿದೀರಿ?"

ಅಷ್ಟೇ. ಬೈಗುಳವೂ ಇಲ್ಲ, ಅಯ್ಯೋ ಪಾಪವೂ ಇಲ್ಲ. ಹಲ್ಲಿನ ವೈದ್ಯರಿಗೆ ಫೋನ್ ಮಾಡಿ ತಪ್ಪು ಒಪ್ಪಿಕೊಂಡೆ. ಅವರು, "ಅದಕ್ಕೇನಾ ಕಣ್ಣು ಕಾಣದೋರೊಬ್ಬರು ಅಷ್ಟು ದೂರದಿಂದ ನಡೆದು ಬಂದು ಸಮಯ ಕೇಳಿದ್ದು" ಎಂದರು. ಯಾರು ಎಂದು ನಾನು ಕೇಳಲಿಲ್ಲ. ಕೇಳಬೇಕಿತ್ತು.

ಒಂದು ಮಧ್ಯಾಹ್ನ ಸಾಲಲಿಲ್ಲ, ಎರಡು ದಿನ ಹಿಡಿಯಿತು. ಈಗ ತಪ್ಪಾದರೆ ಏನು ತಪ್ಪೆಂದು ಮಾತಿನಲ್ಲಿ ಬರುತ್ತದೆ, ಬಂದ ಕೂಡಲೇ ಓದುಗಿತ್ತಿ ಅದನ್ನು ಓದುತ್ತಾಳೆ, ನೀನು ನೇರವಾಗಿ ತಪ್ಪಾದ ಪೆಟ್ಟಿಗೆಯೊಳಗೇ ಹೋಗಿ ನಿಲ್ಲುತ್ತೀಯ. ಫೋನ್ ನಂಬರಿನ ನಡುವೆ ಎಷ್ಟು ಬೇಕಾದರೂ ಜಾಗ ಬಿಡು, ಅದನ್ನು ತೆಗೆಯುವುದು ನನ್ನ ಕೋಡಿನ ಕೆಲಸ, ನಿನ್ನದಲ್ಲ. ಇದನ್ನು ಮೊದಲೇ ಯಾಕೆ ಯೋಚಿಸಲಿಲ್ಲ ಎಂದು ನನ್ನ ತಲೆಗೇ ಮೊಟಕಿಕೊಂಡೆ.

ಹೊಸದು ನಿನ್ನೆ ಕ್ಲಿನಿಕ್ಕಿನ ಸೈಟಿಗೆ ಹೋಯಿತು. ಲಿಂಕ್ ಕೆಳಗಿದೆ. ಬೇಕೆಂದೇ ತಪ್ಪು ತುಂಬಿ ನೋಡು. ಪಕ್ಕದ ಕುರ್ಚಿಯವರು ಊಟಕ್ಕೆ ಹೋದಾಗ ನೋಡು. ಆದರೆ ಎಲ್ಲ ಸರಿಯಾದ ಮೇಲೆ ಕೊನೆಯ ಬಟನ್ ಒತ್ತಬೇಡ. ಇದು ಪರೀಕ್ಷೆಯ ಪುಟವಲ್ಲ, ನಿಜವಾಗಿಯೂ ಸಮಯ ಗೊತ್ತಾಗಿಬಿಡುತ್ತದೆ.

ಅಕ್ಕ


ಅಕ್ಟೋಬರ್ 24

ಟಿಕೆಟಕ್ಕಾ,

ಒತ್ತಿದೆ.

ಪಕ್ಕದ ಕುರ್ಚಿಯವನು ಊಟಕ್ಕೆ ಹೋಗಿದ್ದ. ಮೊದಲು ಹೆಸರು ಬಿಟ್ಟೆ. "ಹೆಸರು ತುಂಬಿಲ್ಲ" ಎಂದಳು, ಅಲ್ಲಿಗೇ ಕರೆದುಕೊಂಡು ಹೋಗಿ ನಿಲ್ಲಿಸಿದಳು. ಫೋನ್ ನಂಬರನ್ನು ಮೂರು ತುಂಡು ಮಾಡಿ ಬರೆದೆ, ಚಕಾರವೆತ್ತಲಿಲ್ಲ. ಹೋದ ವರ್ಷದ ದಿನಾಂಕ ಹುಡುಕಿದೆ, ಪಟ್ಟಿಯಲ್ಲೇ ಇರಲಿಲ್ಲ. ಕೆಡಿಸಲು ನನ್ನ ಕೈಲಾದ ಮಟ್ಟಿಗೆ ನೋಡಿದೆ. ಕೆಡಲಿಲ್ಲ. ಒಬ್ಬನೇ, ಐದು ನಿಮಿಷ.

ನೀನು ಬೇಡವೆಂದ ಬಟನ್ನಿಗೆ ಬಂದು ನಿಂತೆ. ಅವಳು "ಸಮಯ ಗೊತ್ತುಮಾಡಿ, ಬಟನ್" ಎಂದಳು. ಆರು ವರ್ಷದಿಂದ ಯಾರೂ ನನಗೆ ಅಷ್ಟು ಸ್ಪಷ್ಟವಾಗಿ ಏನನ್ನೂ ಹೇಳಿರಲಿಲ್ಲ. ಮುಂದಿನ ಗುರುವಾರ, ಬೆಳಗ್ಗೆ ಹತ್ತೂವರೆ. ಹೇಗೂ ಬಲಗಡೆಯ ದವಡೆಹಲ್ಲೊಂದು ತಿಂಗಳಿನಿಂದ ಕಾಡುತ್ತಿದೆ. ಅಂದಹಾಗೆ, ಗೊತ್ತುಮಾಡಿದ್ದನ್ನು ರದ್ದು ಮಾಡಲು ನಿನ್ನ ಪುಟದಲ್ಲಿ ಎಲ್ಲೂ ದಾರಿಯಿಲ್ಲ. ಮೂರು ಸಲ ಹುಡುಕಿದೆ. ಒಡತಿಗೆ ಹೇಳು. ಅವರು ಸರಿಮಾಡಿಸುವವರೆಗೆ ನಾನು ಬರಲೇಬೇಕಾಗಿದೆ.

ಬುಧವಾರ ಸಂಜೆ ಆರೂ ನಲವತ್ತರ ರೈಲು, ಮುಂದಿನಿಂದ ಮೂರನೇ ಬೋಗಿ. ಜನರ ನಡುವೆ ನಿಂತು ನನ್ನ ಹೆಸರು ಕೂಗಬೇಡ, ಸುಮ್ಮನೆ ಹತ್ತಿರ ಬಂದು ಮಾತಾಡು. ಕೈ ಹಿಡಿದು ಎಳೆಯಬೇಡ. ಮೊಣಕೈ ಕೊಡು, ನಾನು ಹಿಡಿದುಕೊಳ್ಳುತ್ತೇನೆ. ನೀನು ಅರ್ಧ ಹೆಜ್ಜೆ ಮುಂದೆ ನಡಿ.

ನಿನ್ನ ತಮ್ಮ,
ಮುಳ್ಳು